ಸಕ್ಕರೆ ಇಲ್ಲವಂತೆ, ಬೆಲ್ಲವಂತೆ!

ನಿನ್ನೆ ನಮ್ಮ ಬಡಾವಣೆಯ ಸಾವಯವ ಸಂತೆಗೆ ಆಯಿಯನ್ನು ಕರೆದುಕೊಂಡು ಹೋಗಿದ್ದೇ ತಪ್ಪಾಯ್ತು. ನಾನು ಹರಿವೆ ಸೊಪ್ಪು ಆರಿಸಿ ತಿರುಗುವಷ್ಟರಲ್ಲಿ ಅವಳು ಒಂದು ಮಳಿಗೆಯ ಮುಂದೆ ನಿಂತು ರಾಗಿ ಕೇಕಿನ ಮೂರನೇ ತುಂಡನ್ನು ಬಾಯಿಗಿಡುತ್ತಿದ್ದಳು. ಹದಿನಾಲ್ಕು ವರ್ಷದ ಶುಗರ್ ಅವಳಿಗೆ, ನಿಮಗೆಲ್ಲ ಗೊತ್ತು. ಗದರಿದರೆ ಬೋರ್ಡ್ ಕಡೆ ಕೈ ತೋರಿಸಿ, “ಸಕ್ರೆ ಇಲ್ಯಡ ಕೂಸೇ, ಬೆಲ್ಲಡ!” ಅಂದಳು.

ಬೋರ್ಡಿನಲ್ಲೂ ಹಾಗೇ ಇತ್ತು. ವೀಗನ್, ಅಂದರೆ ಹಾಲು ಮೊಟ್ಟೆ ಏನೂ ಇಲ್ಲ. ಮೈದಾ ಇಲ್ಲ. ಸಕ್ಕರೆ ಇಲ್ಲ. ಶುಗರ್ ಇದ್ದವರೂ ನಿಶ್ಚಿಂತೆಯಿಂದ ತಿನ್ನಬಹುದು. ತುಂಡಿಗೆ 120 ರೂಪಾಯಿ. ನಿಶ್ಚಿಂತೆಗೆ ಅಷ್ಟಾದರೂ ಬೆಲೆ ಬೇಡವೇ?

ಅಲ್ಲ, ಬೆಲ್ಲ ಅಂದರೆ ಏನು ಅಂದುಕೊಂಡಿದ್ದಾರೆ ಇವರು? ಎರಡೂ ಅದೇ ಕಬ್ಬಿನ ಹಾಲಿಂದ ಬಂದದ್ದು. ಒಂದನ್ನು ತಿಕ್ಕಿ ತೊಳೆದು ಬೆಳ್ಳಗೆ ಮಾಡಿದ್ದಾರೆ, ಇನ್ನೊಂದು ಹಾಗೇ ಇದೆ. 100 ಗ್ರಾಂ ಸಕ್ಕರೆಗೆ ಹತ್ತಿರ ಹತ್ತಿರ 400 ಕ್ಯಾಲೊರಿ, ಬೆಲ್ಲಕ್ಕೆ 350ರಿಂದ 380. ರಕ್ತಕ್ಕೆ ಇಳಿದ ಮೇಲೆ ಬಣ್ಣ ಕೇಳುವವರು ಯಾರು?

“ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ ಮೇಡಂ” ಅಂದ ಮಳಿಗೆಯ ಹುಡುಗ. ಇದೆಯಪ್ಪಾ. 100 ಗ್ರಾಮಿಗೆ ನಾಲ್ಕೈದು ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಲೆಕ್ಕದಲ್ಲಿ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಅಂದರೆ ದಿನಾ ಅರ್ಧ ಕಿಲೋಗೂ ಮೀರಿ ಬೆಲ್ಲ ನುಂಗಬೇಕು. ಹರಿವೆ ಸೊಪ್ಪು ಪಕ್ಕದ ಮಳಿಗೆಯಲ್ಲೇ ಇತ್ತಲ್ಲ!

ಮೈದಾಕ್ಕಿಂತ ರಾಗಿ ವಾಸಿಯಲ್ಲವೇ ಅಂತ ಕಮೆಂಟ್ ಹಾಕುವವರು ಹಾಕಿ. ವಾಸಿಯೇ. ನಾರು ಇದೆ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ನಾನೇ ಮನೆಯಲ್ಲಿ ಮಾಡುತ್ತೇನಲ್ಲ. ಮೊದಲ ಸಲ ಬರೀ ರಾಗಿ ಹಿಟ್ಟಲ್ಲಿ ಮಾಡಿ, ಚಾಕು ಇಟ್ಟ ಕೂಡಲೇ ಎಲ್ಲ ಉದುರಿಹೋಯ್ತು. ಗೋಧಿಯಲ್ಲಿರುವ ಅಂಟಿನಂಶ ಗ್ಲುಟನ್ ರಾಗಿಯಲ್ಲಿ ಇಲ್ಲ, ಹಿಡಿದಿಡಲು ಏನೂ ಇರಲಿಲ್ಲ. ಮಗ ಚಮಚದಲ್ಲಿ ತಿಂದು “ಸಿಹಿ ಉಪ್ಪಿಟ್ಟು ಚೆನ್ನಾಗಿದೆ” ಅಂದ. ಈಗ ಹಿಟ್ಟನ್ನು ಹಸಿ ವಾಸನೆ ಹೋಗುವ ತನಕ ಹುರಿದು, ಅರ್ಧ ಪಾಲು ಗೋಧಿ ಹಿಟ್ಟು ಸೇರಿಸುತ್ತೇನೆ. ಮೊಟ್ಟೆಯ ಬದಲು ಒಂದು ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಲ್ಲಿ ನೆನೆಸಿ ಲೋಳೆಯಾದ ಮೇಲೆ ಹಾಕುವುದು. ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು, ತೆಂಗಿನೆಣ್ಣೆ, ಕೊನೆಗೆ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ ತಕ್ಷಣ ಓವನ್ನಿಗೆ. ಹಣ್ಣು ಚೆನ್ನಾಗಿ ಕಳಿತಿದ್ದರೆ ಬೆಲ್ಲ ಕಾಲು ಭಾಗ ಸಾಕು. ಸಾಕು ಅಂದೆ, ಬೇಡ ಅನ್ನಲಿಲ್ಲ. ಆಯಿಗೆ ಒಂದೇ ಒಂದು ತೆಳು ತುಂಡು, ಅದೂ ಊಟದ ಅನ್ನ ಕಡಿಮೆ ಮಾಡಿ. ರಾಗಿಯ ಪುಣ್ಯದಲ್ಲಿ ಬೆಲ್ಲದ ಪಾಪ ಕಳೆಯುವುದಿಲ್ಲ ಅನ್ನುವುದಷ್ಟೇ ನನ್ನ ತಕರಾರು.

ಇನ್ನು ಈ ವೀಗನ್ ಬೇಕಿಂಗ್ ಹೊಸದು ಅನ್ನುವ ಠೀವಿ ಬೇರೆ. ನಮ್ಮ ಕುಮಟಾ ಕಡೆ ತವಸಳಿ ಮಾಡುತ್ತಾರೆ. ತುರಿದ ಸೌತೆಕಾಯಿ, ಹುರಿದ ಅಕ್ಕಿ ರವೆ, ಬೆಲ್ಲ, ಕಾಯಿತುರಿ, ಏಲಕ್ಕಿ. ಪಾತ್ರೆಗೆ ಬಾಳೆಲೆ ಹಾಸಿ, ಕೆಳಗೊಂದಿಷ್ಟು ಕೆಂಡ, ಮುಚ್ಚಳದ ಮೇಲೊಂದಿಷ್ಟು. ಹಾಲಿಲ್ಲ, ಮೊಟ್ಟೆಯಿಲ್ಲ, ಮೈದಾ ಇಲ್ಲ. ಅಂಚು ಕೆಂಪಗೆ ಗರಿಗರಿ ಆಗುತ್ತಿತ್ತು, ಆ ಅಂಚಿಗೇ ನಮ್ಮ ಜಗಳ. ಅಮ್ಮಮ್ಮ ಅದನ್ನು ಸಿಹಿ ಅಂತಲೇ ಕೊಟ್ಟಳು, ಔಷಧಿ ಅಂತ ಒಮ್ಮೆಯೂ ಹೇಳಲಿಲ್ಲ.

ಇಷ್ಟೆಲ್ಲ ಕೂಗಾಡುವ ನಾನು ಸಂತೆಯಿಂದ ಬಂದ ಸಿಟ್ಟಿಗೆ ಸಂಜೆ ಅಯ್ಯಂಗಾರ್ ಬೇಕರಿಗೆ ಹೋಗಿ ಎರಡು ಹನಿ ಕೇಕ್ ತಿಂದೆ. ಮೈದಾ, ಸಕ್ಕರೆ ಪಾಕ, ಮೇಲೆ ಕೆಂಪು ಜಾಮ್. ಆ ಬೇಕರಿಯವರು ನನಗೆ ಯಾವ ಸುಳ್ಳೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಆಯಿಯ ಖಾಲಿ ಹೊಟ್ಟೆಯ ಶುಗರ್ 212. ಮೀಟರ್ ಮುಖಕ್ಕೆ ಹಿಡಿದರೆ, “ರಾತ್ರಿ ಅನ್ನ ಜಾಸ್ತಿ ಆತು ಕಾಣ್ತು” ಅಂತಾಳೆ. ಬರುವ ಭಾನುವಾರದ ಸಂತೆಗೆ ಚೀಲ ಆಗಲೇ ಬಾಗಿಲ ಹಿಂದೆ ನೇತು ಹಾಕಿದ್ದಾಳೆ.