ಕೊನೆಯ ಪದ ನುಂಗಬೇಡ

"ಸರ್, ನಮ್ಮಪ್ಪನ ವಿರುದ್ಧ ನಾ ಹೆಂಗ ಮಾತಾಡ್ಲಿ?"

ಒಂಬತ್ತನೇ ತರಗತಿಯ ಹುಡುಗಿ. ಕೈಯಲ್ಲಿ ಮಡಚಿದ ಚೀಟಿ. ಅದರಲ್ಲಿ ‘ಬೇಕು’ ಅಂತ ಬಂದಿತ್ತು. ಅವತ್ತಿನ ಚರ್ಚೆಯ ವಿಷಯ, ನಮ್ಮ ಕೊಪ್ಪಳಕ್ಕೆ ಆ್ಯಪ್ ಆಟೋ ಬೇಕೋ ಬೇಡವೋ. ಅವಳ ಅಪ್ಪ ಬಸ್ ಸ್ಟ್ಯಾಂಡಿನಿಂದ ಪಕ್ಕದ ಭಾಗ್ಯನಗರಕ್ಕೆ ಟಂಟಂ, ಅಂದರೆ ಸೀಟಿನ ಲೆಕ್ಕದ ಆಟೋ, ಓಡಿಸುತ್ತಾರೆ. ಆ್ಯಪ್ ಬಂದರೆ ನಮ್ಮ ಹೊಟ್ಟೆ ಮೇಲೆ ಕಲ್ಲು ಅಂತ ಮನೆಯಲ್ಲಿ ಮಾತು ನಡೆಯುತ್ತಂತೆ. ಅಂಥ ಮನೆಯ ಹುಡುಗಿಗೆ ‘ಆ್ಯಪ್ ಬೇಕು’ ಅಂತ ವಾದ ಮಾಡು ಅಂದಿದ್ದೆ.

ಮನಸ್ಸು ಸ್ವಲ್ಪ ಅಳುಕಿತು. ಆದರೂ ಚೀಟಿ ಬದಲಿಸಿಕೊಡಲಿಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಬರಹ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ಹದಿನೆಂಟು ಮಕ್ಕಳನ್ನು ಕೂರಿಸಿಕೊಂಡು ಮಾತಾಡೋದು ಕಲಿಸುತ್ತೇನೆ. ಮೊದಲು ಬೇರೆ ಥರ ಕಲಿಸುತ್ತಿದ್ದೆ. ಆಗಸ್ಟ್ 15 ಬಂತು ಅಂದರೆ ನಾನೇ ಒಂದೂವರೆ ಪುಟ ಬರೆದುಕೊಡುತ್ತಿದ್ದೆ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಅಂತ ಶುರು. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ಏರಿಸಬೇಕು, ಅದೂ ನನ್ನದೇ. ಬಹುಮಾನಗಳು ಬಂದವು. ನಾನೂ ಹಿಗ್ಗಿದೆ.

ಒಂದು ಸ್ಪರ್ಧೆಯಲ್ಲಿ ನಮ್ಮ ಹುಡುಗಿಯೊಬ್ಬಳಿಗೆ ನಡುವೆ ಒಂದು ಸಾಲು ಮರೆತುಹೋಯಿತು. ನೀರು ಉಳಿಸುವುದರ ಬಗ್ಗೆ ಭಾಷಣ. ಅವಳು ಮೇಲೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ತನ್ನ ಊರಿನ ಬೋರ್‌ವೆಲ್ ಬತ್ತಿದ್ದು, ಅವ್ವನ ಜೊತೆ ಹೊಲದ ಬಾವಿಗೆ ಕೊಡ ಹೊತ್ತುಕೊಂಡು ಹೋಗಿದ್ದು, ಅಷ್ಟನ್ನು ತನ್ನ ಮಾತಲ್ಲೇ ಹೇಳಿದಳು. ಎರಡೇ ನಿಮಿಷ. ಹಿಂದಿನ ಸಾಲಿನ ಮಕ್ಕಳೂ ಗದ್ದಲ ನಿಲ್ಲಿಸಿ ಕೇಳಿದರು. ತೀರ್ಪುಗಾರರು ಮಾತ್ರ ‘ವಿಷಯಾಂತರ’ ಅಂತ ಅಂಕ ಕಡಿದರು. ಆ ಹುಡುಗಿ ಹತ್ತನೇ ತರಗತಿ ಮುಗಿಸುವವರೆಗೆ ಮತ್ತೆ ವೇದಿಕೆ ಹತ್ತಲಿಲ್ಲ. ತೀರ್ಪುಗಾರರನ್ನು ಮಾತ್ರ ದೂರಿ ಏನು ಬಂತು? ನೀನು ಹೇಳಿದ್ದೇ ನಿಜವಾದ ಭಾಷಣ ಅಂತ ಅವತ್ತು ಅವಳಿಗೆ ನಾನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಆಮೇಲೆ ಬರೆದುಕೊಡೋದು ಬಿಟ್ಟೆ. ವಿಷಯಗಳನ್ನೂ ಬದಲಿಸಿದೆ. ‘ವಿಜ್ಞಾನ ವರವೋ ಶಾಪವೋ’ ಅಂತ ಕೊಟ್ಟರೆ ಎಂಟನೇ ತರಗತಿಯ ಮಗು ಏನು ಹೇಳಬೇಕು? ಅದರ ಹತ್ತಿರ ಸ್ವಂತದ್ದು ಏನೂ ಇರಲ್ಲ. ಗೈಡ್ ನೋಡುತ್ತೆ ಅಷ್ಟೆ. ಆಟೋ ಹಾಗಲ್ಲ. ಎಲ್ಲರೂ ಹತ್ತಿದ್ದಾರೆ. ಆ್ಯಪ್ ಕೂಡ ಹೊಸದೇನಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಬೆಂಗಳೂರಲ್ಲಿ ದುಡಿಯುತ್ತಿದ್ದಾರೆ. ರಜೆಗೆ ಹೋಗಿಬಂದ ಮಕ್ಕಳು ಓಲಾ, ಊಬರ್, ರ್ಯಾಪಿಡೊ ಅಂತ ಬಾಯಿ ತುಂಬ ಹೇಳುತ್ತಾರೆ. ನಮ್ಮೂರಲ್ಲಿ ಇನ್ನೂ ಕೈ ಅಡ್ಡ ಹಾಕಿದರೆ ಆಟೋ ನಿಲ್ಲುತ್ತದೆ. ಸೀಟು ತುಂಬಿದರೆ ಟಂಟಂ ಹೊರಡುತ್ತದೆ. ಎರಡೂ ಲೋಕ ಕಂಡ ಮಕ್ಕಳಿಗೆ ಇದಕ್ಕಿಂತ ಒಳ್ಳೆ ವಿಷಯ ಎಲ್ಲಿ ಸಿಗುತ್ತೆ?

ಆ ಹುಡುಗಿಗೆ ಒಂದೇ ಮಾತು ಹೇಳಿದೆ. "ಅಪ್ಪನ ವಿರುದ್ಧ ಬ್ಯಾಡವ್ವಾ. ಅಪ್ಪನ ಹತ್ರನ ಹೋಗಿ ಕೇಳು."

ನಡುವೆ ಒಂದು ರಜೆ ಬಂತು. ಅವಳು ಬೆಳಿಗ್ಗೆ ಆರಕ್ಕೇ ಅಪ್ಪನ ಪಕ್ಕ ಮುಂದಿನ ಸೀಟಲ್ಲಿ ಕೂತಳಂತೆ. ಗಣಿತದ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಸ್ಕೇಲ್ ಇಟ್ಟು ನಾಲ್ಕು ಗೆರೆ ಎಳೆದಿದ್ದಳು. ಹೋಗುವಾಗ ಎಷ್ಟು ಸೀಟು, ಬರುವಾಗ ಎಷ್ಟು, ನಿಂತಿದ್ದು ಎಷ್ಟು ಹೊತ್ತು, ಓಡಿದ್ದು ಎಷ್ಟು ಹೊತ್ತು. ಡೀಸೆಲ್ ಕೈ ತಾಗಿ ಹಾಳೆಯ ಒಂದು ಮೂಲೆ ಕಂದಾಗಿತ್ತು. ಬೆಳಿಗ್ಗೆ ಭಾಗ್ಯನಗರಕ್ಕೆ ತಲೆಗೂದಲು ಹಸನು ಮಾಡೋ ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳಿಂದ ಗಾಡಿ ಭರ್ತಿ. ವಾಪಸ್ ಬರುವಾಗ ಒಬ್ಬರು, ಇಬ್ಬರು. ಒಂದು ಸಲ ಸೊನ್ನೆ. ಆ ಸೊನ್ನೆಗೆ ಸುತ್ತ ಕೆಂಪು ಪೆನ್ನಲ್ಲಿ ಗೆರೆ ಹಾಕಿದ್ದಳು.

ಶನಿವಾರ ನಿಂತು ಹೇಳಿದಳು: "ನಮ್ಮಪ್ಪ ಐದು ತಾಸು ಗಾಡಿ ಹತ್ರ ಇದ್ರು. ಗಾಡಿ ಓಡಿದ್ದು ಎರಡ ತಾಸು. ಉಳಿದ ಮೂರು ತಾಸು ಸೀಟಿಗೆ ಕಾದ್ರು. ಅದ ಹೊತ್ತಿಗೆ ಯಾವುದೋ ಗಲ್ಲಿಯೊಳಗ ಒಂದು ಅಜ್ಜಿ ಆಟೋಕ್ಕ ಕಾಯ್ತಿರ್ತಾಳ. ಅಜ್ಜಿ ಸುದ್ದಿ ಅಪ್ಪಗ ಗೊತ್ತಿಲ್ಲ, ಅಪ್ಪನ ಸುದ್ದಿ ಅಜ್ಜಿಗೆ ಗೊತ್ತಿಲ್ಲ. ಆ ಸುದ್ದಿ ಮುಟ್ಟಿಸಾಕ ಆ್ಯಪ್ ಬೇಕು."

ಇಡೀ ಆ್ಯಪ್ ವ್ಯಾಪಾರದ ತಿರುಳು ಇಷ್ಟೇ ಅಲ್ವಾ? ಕಾಯುವ ಗಾಡಿಗೂ ಕಾಯುವ ಮನುಷ್ಯನಿಗೂ ಗಂಟು ಹಾಕೋದು. ಅದನ್ನು ಅವಳು ಎಲ್ಲೂ ಓದಿರಲಿಲ್ಲ. ತನ್ನ ಅಪ್ಪನ ಖಾಲಿ ಸೀಟು ಎಣಿಸಿ ಕಂಡುಕೊಂಡಿದ್ದಳು. ‘ಬೇಡ’ ಚೀಟಿ ಬಂದಿದ್ದರೆ ಈ ಲೆಕ್ಕ ಅವಳು ಹಾಕುತ್ತಲೇ ಇರಲಿಲ್ಲ. ಅದಕ್ಕೇ ಪಕ್ಷವನ್ನು ಚೀಟಿ ಎತ್ತಿಸಿಯೇ ಕೊಡಬೇಕು ಅನ್ನೋದು. ತನಗೆ ಬೇಕಾದ ಪಕ್ಷ ಸಿಕ್ಕ ಮಗು ಗೊತ್ತಿದ್ದನ್ನೇ ಜೋರಾಗಿ ಹೇಳುತ್ತದೆ. ಬೇಡದ ಪಕ್ಷ ಸಿಕ್ಕ ಮಗು ಎದ್ದು ಹೋಗಿ ಹುಡುಕುತ್ತದೆ.

ಎದುರು ಪಕ್ಷದ ಹುಡುಗನ ಅಣ್ಣ ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಾನೆ. ಹುಡುಗ ರಾತ್ರಿ ಫೋನ್ ಮಾಡಿ ಅರ್ಧ ತಾಸು ಕೇಳಿ ಬರೆದುಕೊಂಡಿದ್ದ. ಕಮಿಷನ್ ಎಷ್ಟು ಮುರಿಯುತ್ತಾರೆ, ರೇಟಿಂಗ್ ಇಳಿದರೆ ಏನಾಗುತ್ತೆ, ಐಡಿ ಬ್ಲಾಕ್ ಆದರೆ ಎಲ್ಲಿಗೆ ಹೋಗಬೇಕು. ಅವನ ಒಂದು ಮಾತಿಗೆ ತರಗತಿ ಸುಮ್ಮನಾಯಿತು. "ಮಾಲೀಕ ಬೈದ್ರ ಎದುರು ನಿಂತು ಕೇಳಬಹುದು. ಫೋನ್ ಬೈದ್ರ ಯಾರನ್ನ ಕೇಳೋದು?"

ಈ ಹಂತದಲ್ಲಿ ನನ್ನ ಕೆಲಸ ಶುರು. ಮಾತು ಕಾವೇರಿದಾಗ ಕೈಗೆ ಪೇಪರ್ ಕಟಿಂಗ್ ಕೊಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ನಡೆದ ಗಲಾಟೆ ಕೊಟ್ಟೆ. ಆಗ ಆಟೋಗೆ ಸರ್ಕಾರದ ದರ ಮೊದಲ 2 ಕಿಲೋಮೀಟರ್‌ಗೆ 30 ರೂಪಾಯಿ. ಆ್ಯಪ್‌ಗಳಲ್ಲಿ ಹತ್ತಿರಕ್ಕೂ ಕನಿಷ್ಠ 100 ರೂಪಾಯಿ ಅಂತ ಜನ ದೂರಿದರು. ಸಾರಿಗೆ ಇಲಾಖೆ ಆ್ಯಪ್ ಆಟೋ ನಿಲ್ಲಿಸಿ ಅಂದಿತು, ಕಂಪನಿಗಳು ಹೈಕೋರ್ಟಿಗೆ ಹೋದವು. ನವೆಂಬರ್‌ನಲ್ಲಿ ಸರ್ಕಾರ, ನಿಗದಿ ದರದ ಮೇಲೆ ಶೇ 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಅಷ್ಟೇ ಅಂತ ಗೆರೆ ಎಳೆಯಿತು. ಅದೇ ತಿಂಗಳು ಕಮಿಷನ್ ಇಲ್ಲದ ‘ನಮ್ಮ ಯಾತ್ರಿ’ ಆ್ಯಪ್ ಬೆಂಗಳೂರಲ್ಲಿ ಶುರುವಾಯಿತು. ಅದು ಆಮೇಲೆ ಚಾಲಕರಿಂದ ದಿನದ ಲೆಕ್ಕದಲ್ಲಿ ಸಣ್ಣ ಶುಲ್ಕ ತೆಗೆದುಕೊಳ್ಳುವ ದಾರಿ ಹಿಡಿಯಿತು. ಹುಡುಗಿ ಇದನ್ನು ಎತ್ತಿಕೊಂಡಳು. "ಕಮಿಷನ್ ಕೆಟ್ಟದ್ದು ಅನ್ರಿ, ಒಪ್ತೀನಿ. ಆ್ಯಪ್ ಕೆಟ್ಟದ್ದು ಅಂತ ಯಾಕ ಅಂತೀರಿ?"

ಹುಡುಗ ಸರ್ಜ್, ಅಂದರೆ ಬೇಡಿಕೆ ಹೆಚ್ಚಾದಾಗ ಆ್ಯಪ್ ದರ ಏರಿಸೋದನ್ನು ಹಿಡಿದ. ಮಳೆ ಬಂದರೆ ದರ ಏರುತ್ತೆ, ಕಷ್ಟದಲ್ಲಿ ಇರೋರನ್ನೇ ಹಿಂಡೋದು ಅಂತ. ಕೇಂದ್ರದ 2020ರ ಮಾರ್ಗಸೂಚಿಯಲ್ಲಿ ಮೂಲ ದರದ ಒಂದೂವರೆ ಪಟ್ಟಿನವರೆಗೆ ಏರಿಸಬಹುದಿತ್ತು, 2025ರಲ್ಲಿ ಆ ಮಿತಿಯನ್ನು ಮೂಲ ದರದ ಎರಡು ಪಟ್ಟಿಗೆ ಏರಿಸಿದ್ದಾರೆ. ಇದನ್ನೂ ಅವನು ಸರಿಯಾಗಿಯೇ ಹೇಳಿದ. ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದೆ. ಬೆಂಗಳೂರಲ್ಲಿ 2025ರ ಆಗಸ್ಟ್ 1ರಿಂದ ಆಟೋ ದರ ಮೊದಲ 2 ಕಿಲೋಮೀಟರ್‌ಗೆ 36, ಆಮೇಲೆ ಪ್ರತಿ ಕಿಲೋಮೀಟರ್‌ಗೆ 18. ಏಳು ಕಿಲೋಮೀಟರ್‌ಗೆ 126. ಎರಡು ಪಟ್ಟಾದರೆ 252. ಸುಮ್ನೆ ‘ಸುಲಿಗೆ’ ಅಂತ ಕೂಗೋದಕ್ಕಿಂತ ಈ ಎರಡು ಅಂಕಿ ಜಾಸ್ತಿ ಕೆಲಸ ಮಾಡುತ್ತವೆ ಅಂತ ಮಕ್ಕಳಿಗೆ ತಾನಾಗಿಯೇ ಹೊಳೆಯಿತು.

ಆಗ ಎಂಟನೇ ತರಗತಿಯ ಪುಟ್ಟ ಹುಡುಗ, ಅವತ್ತಿನವರೆಗೂ ಬಾಯಿ ಬಿಡದವನು, ಎದ್ದ. "ಗವಿಮಠದ ಜಾತ್ರಿ ದಿನ ನಮ್ಮ ಆಟೋದವರೂ ಜಾಸ್ತಿ ತಗೋತಾರಲ್ರಿ. ಅದು ಸರ್ಜ್ ಅಲ್ಲೇನ್ರಿ?" ಬೆನ್ನಿಗೇ ಇನ್ನೊಬ್ಬಳು, ಬೆಂಗಳೂರಿನ ಸರ್ಕಾರಿ ದರದಲ್ಲೂ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು ಇದೆಯಲ್ಲ ಅಂದಳು. ‘ಬೇಡ’ ಪಕ್ಷದವರು ಯೋಚನೆಗೆ ಬಿದ್ದರು. ಕೊನೆಗೆ ಒಂದು ಉತ್ತರ ಬಂತು. ರಾತ್ರಿ ದರ ಮೊದಲೇ ಗೊತ್ತಿರುತ್ತೆ, ಜಾತ್ರೆ ದರ ಬಾಯಲ್ಲಿ ಚೌಕಾಸಿ ಮಾಡಬಹುದು, ಆ್ಯಪ್ ದರಕ್ಕೆ ಕಾರಣ ಕೇಳೋಕೂ ಆಗಲ್ಲ, ಚೌಕಾಸಿಯೂ ಆಗಲ್ಲ. ಹದಿಮೂರು ವರ್ಷದ ಮಕ್ಕಳು ತಾವೇ ಕಂಡುಕೊಂಡ ವ್ಯತ್ಯಾಸ ಇದು! ನನಗೆ ಎದೆ ತುಂಬಿ ಬಂತು.

ಕಾಯ್ದೆ ವಿಷಯವೂ ಬಂತು. 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಕಂಪನಿಗಳ ಮೂಲಕ ದುಡಿಯುವವರ ಕಾಯ್ದೆ ಮಾಡಿತು. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು 14 ದಿನ ಮುಂಚೆ ತಿಳಿಸಬೇಕು. ಹುಡುಗಿ ಇದನ್ನು ಓದಿದಾಗ ಹುಡುಗ, "ಕಾಯ್ದೆ ಬಂದೈತಿ, ನಮ್ಮಣ್ಣನ ಫೋನಿಗೆ ಇನ್ನೂ ಬಂದಿಲ್ಲ" ಅಂದ.

ಇನ್ನು ದನಿಯ ಮಾತು. ಮಕ್ಕಳ ದೊಡ್ಡ ತೊಂದರೆ ಹೆದರಿಕೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಕಂಡ ಹಾಗೆ ಅದಕ್ಕಿಂತ ದೊಡ್ಡ ತೊಂದರೆ ವಾಕ್ಯದ ಕೊನೆ ನುಂಗೋದು. ಶುರುವಲ್ಲಿ ದನಿ ಗಟ್ಟಿ ಇರುತ್ತೆ, ಕೊನೆಗೆ ಉಸಿರು ಸಾಲದೆ ಒಳಗೇ ಇಳಿದುಹೋಗುತ್ತೆ. ಆದರೆ ನಮ್ಮ ಕನ್ನಡದಲ್ಲಿ ಎಲ್ಲ ಇರೋದೇ ಕೊನೆಯಲ್ಲಿ. ಬೇಕು, ಬೇಡ. ಆಗುತ್ತೆ, ಆಗಲ್ಲ. ಕೊಟ್ಟರು, ಕೊಡಲಿಲ್ಲ. "ಚಾಲಕರಿಗೆ ಆ್ಯಪಿನಿಂದ ಲಾಭ" ಅಂತ ಗಟ್ಟಿಯಾಗಿ ಹೇಳಿ ‘ಇಲ್ಲ’ ಅನ್ನೋದನ್ನು ನುಂಗಿದರೆ ಆ ಮಗು ಎದುರು ಪಕ್ಷ ಸೇರಿದ ಹಾಗೆ. ಅದಕ್ಕೇ ಒಬ್ಬರನ್ನು ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸುತ್ತೇನೆ, ಇನ್ನೊಬ್ಬರನ್ನು ಗೇಟಿನ ಹತ್ತಿರ. ಗೇಟಿನ ಹತ್ತಿರ ಇರೋರು ಕೊನೆಯ ಪದ ಮಾತ್ರ ತಿರುಗಿ ಕೂಗಬೇಕು. ನಾಲ್ಕು ವಾರ ಮಾಡಿಸಿ ನೋಡಿ. ಮೈಕೇ ಬೇಡ.

ಇನ್ನೊಂದು ನಿಯಮ ಇದೆ. ಎದುರಿನವರು ಹೇಳಿದ್ದನ್ನು ಮೊದಲು ಅವರು "ಹೌದ್ರಿ, ನಾ ಅಂದಿದ್ದು ಅದ" ಅನ್ನೋ ಹಾಗೆ ತಿರುಗಿ ಹೇಳಬೇಕು. ಆಮೇಲೆ ಉತ್ತರ. ಇದು ನಾನು ಎಲ್ಲಿಂದಲೋ ತಂದಿದ್ದಲ್ಲ. ಸಣ್ಣವನಿದ್ದಾಗ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಪದ ಕೇಳುತ್ತ ಕಂಬಳಿ ಹೊದ್ದು ಬೆಳಗು ಮಾಡಿದವನು ನಾನು. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿದರೆ, ನಾಗೇಶಿಯವರು ಅದೇ ಮಾತಿನ ಎಳೆ ಹಿಡಿದು ಹೆಣ್ಣು ಹೆಚ್ಚು ಅಂತ ಹಾಡಬೇಕು. ಎದುರಿನವರ ಪದ ಸರಿಯಾಗಿ ಕೇಳಿಸಿಕೊಳ್ಳದವರು ಅಲ್ಲೇ ಸೋತರು. ವಾದ ಮಾಡೋದು ನಮ್ಮ ನೆಲಕ್ಕೆ ಹೊಸದಲ್ಲ. ಶಾಲೆಯೊಳಗೆ ಬಿಟ್ಟುಕೊಂಡಿಲ್ಲ ಅಷ್ಟೆ.

ಕೆಲವು ಪಾಲಕರು ಬಂದು, "ಸರ್, ಮಕ್ಕಳಿಗೆ ಎದುರುತ್ತರ ಕಲಸಾಕತ್ತೀರಿ" ಅಂದಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತೆ. ಆದರೆ ಎದುರಿನವರ ಮಾತು ಪೂರ್ತಿ ಕೇಳಿ, ತಿರುಗಿ ಹೇಳಿ, ಆಮೇಲೆ ಮಾತಾಡುವ ಮಗು ಮನೆಯಲ್ಲೂ ಹಾಗೇ ಮಾಡುತ್ತೆ. ಎದುರುತ್ತರ ಕೊಡೋದು ಕೇಳಿಸಿಕೊಳ್ಳೋದಕ್ಕೆ ಬಾರದ ಮಕ್ಕಳು.

ಸ್ಪರ್ಧೆ ನಡೆಸುವವರಲ್ಲಿ, ತೀರ್ಪುಗಾರರಾಗಿ ಕೂರುವ ನನ್ನ ಮೇಷ್ಟ್ರು ಗೆಳೆಯರಲ್ಲಿ ಕೈಮುಗಿದು ಕೇಳುತ್ತೇನೆ. ವಿಷಯವನ್ನು ಊರಿನ ಬೀದಿಯಿಂದ ಆರಿಸಿ. ಪಕ್ಷವನ್ನು ಚೀಟಿಯಲ್ಲಿ ಕೊಡಿ. ಹತ್ತು ಅಂಕದಲ್ಲಿ ನಾಲ್ಕನ್ನಾದರೂ ಎದುರಿನವರಿಗೆ ಕೊಟ್ಟ ಉತ್ತರಕ್ಕೆ ಇಡಿ. ತಡವರಿಸಿದ ಮಗುವಿನ ಅಂಕ ಕಡಿಯಬೇಡಿ. ತಡವರಿಸೋದು ಅಂದರೆ ಅದು ಅಲ್ಲೇ ನಿಂತು ಯೋಚನೆ ಮಾಡುತ್ತಿದೆ ಅಂತ.

ಅವತ್ತಿನ ಚರ್ಚೆಯ ಕೊನೆಗೆ ಬಾಗಿಲಲ್ಲಿ ಹುಡುಗಿಯ ಅಪ್ಪ ನಿಂತಿದ್ದರು. ಮಗಳನ್ನು ಕರೆದೊಯ್ಯಲು ಬಂದವರು, ಖಾಕಿ ಅಂಗಿಯಲ್ಲೇ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ. ಒಳಗೆ ಬನ್ನಿ ಅಂದೆ, ಬರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತು ಕೇಳಿದರು.

"ಸರ್, ಎರಡೂ ಕಡಿ ಹುಡುಗರು ಚಲೋ ಹೇಳಿದ್ರು. ನನ್ನದೊಂದು ಮಾತೈತ್ರಿ. ಆ ಅಜ್ಜಿ ಹತ್ರ ಅಂಥ ಫೋನ್ ಇಲ್ಲಂದ್ರ, ಆಕಿ ಹೆಂಗ ಕರೀಬೇಕು?"

ಮಗಳು ಎದುರು ಪಕ್ಷದ ಹುಡುಗನ ಮುಖ ನೋಡಿದಳು. ಅವನು ಇವಳ ಮುಖ ನೋಡಿದ. ಇಬ್ಬರೂ ನೋಟ್‌ಬುಕ್ ತೆಗೆದು ಆ ಪ್ರಶ್ನೆ ಬರೆದುಕೊಂಡರು. ಬರುವ ಶನಿವಾರದ ವಿಷಯ ಅದೇ.