ಹೆಬ್ಬೆರಳಿನಷ್ಟು ಸೆನ್ಸರ್, ಮೂರು ಸಲ ಗ್ಯಾರೇಜು

ಇವತ್ತು ಶಿರಾಡಿ ಘಾಟಿಯಲ್ಲಿ ಮತ್ತೆ ಚೆಕ್ ಎಂಜಿನ್ ಲೈಟ್ ಹತ್ತಿತು. ಹಿಂದೆ ಲಾರಿ ಸಾಲು, ಮುಂದೆ ಮಳೆ. ಟೆಂಪರೇಚರ್ ಮುಳ್ಳು ಒಮ್ಮೆ ಕೆಂಪಿಗೆ ಹಾರುತ್ತದೆ, ಮರುಗಳಿಗೆ ತಳಕ್ಕೆ ಬೀಳುತ್ತದೆ. ಎಂಜಿನ್ ನಿಜವಾಗಿ ಕಾದಿದೆಯೋ ಇಲ್ಲವೋ, ನನಗೆ ಹೇಗೆ ಗೊತ್ತಾಗಬೇಕು? ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಎಷ್ಟು ಬಿಸಿ ಇದೆ ಅಂತ ಹೇಳಬೇಕಾದ ಸೆನ್ಸರೇ ಕೈಕೊಟ್ಟಿದೆ.

ಮೊದಲ ಸಲ ಗ್ಯಾರೇಜಿನವರು ಥರ್ಮೋಸ್ಟಾಟ್ (ಕೂಲೆಂಟ್ ಹರಿವು ತಡೆದು ಬಿಡುವ ವಾಲ್ವ್) ಬದಲಿಸಿದರು. ಎರಡನೇ ಸಲ ಕೂಲೆಂಟ್ ಪೂರ್ತಿ ಚೆಲ್ಲಿ ಹೊಸದು ತುಂಬಿದರು. ಸ್ಕ್ಯಾನರ್ ಹಚ್ಚಿ, ದೋಷದ ಕೋಡ್ ಅಳಿಸಿ, ‘ಸರಿಹೋಯ್ತು ಸಾರ್, ಆರಾಮಾಗಿ ಹೋಗಿ’ ಅಂದರು. ಎಲ್ಲಿ ಸರಿಹೋಯ್ತು? ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಫ್ಯಾನು ಸುಮ್ನೆ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ. ಸ್ಟಾರ್ಟ್ ಮಾಡುವಾಗ ಎಂಜಿನ್ ಒಳಗೆ ಬಿಸಿ ಕೊಡುವ ಗ್ಲೋ ಪ್ಲಗ್ ಎಷ್ಟು ಹೊತ್ತು ಬಿಸಿಯಾಗಬೇಕು, ಡೀಸೆಲ್ ಎಷ್ಟು ಹೋಗಬೇಕು, ಎಲ್ಲಕ್ಕೂ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಈ ಸೆನ್ಸರ್ ಮಾತನ್ನೇ ನಂಬುತ್ತದೆ. ಬಿಸಿ ಏರಿದಂತೆ ಇದರ ರೆಸಿಸ್ಟೆನ್ಸ್ ಇಳಿಯಬೇಕು. ಬಿಚ್ಚಿ ಬಿಸಿನೀರಿಗೆ ಅದ್ದಿ, ಮೀಟರ್ ಹಿಡಿದು ನೋಡಲು 10 ನಿಮಿಷ ಸಾಕು, ಅಲ್ವಾ?

ಇವತ್ತು ಕೊನೆಗೂ ಕನೆಕ್ಟರ್ ಎಳೆದರು. ಪಿನ್ನುಗಳ ಮೇಲೆ ಹಸಿರು ಕಿಲುಬು, ಬುಡದಲ್ಲಿ ಕೂಲೆಂಟ್ ಒಣಗಿದ ಬಿಳಿ ಪುಡಿ. ಎರಡು ಸಲ ಬಾನೆಟ್ ತೆಗೆದವರ ಕಣ್ಣಿಗೆ ಇದು ಯಾಕೆ ಬೀಳಲಿಲ್ಲ? ಕೇಳಿದರೆ, ‘ಪಾರ್ಟ್ ಸ್ಟಾಕ್ ಇಲ್ಲ ಸಾರ್, ನಾಲ್ಕು ದಿನ ಬಿಟ್ಟು ಬನ್ನಿ’ ಅಂತಾರೆ.