ಸೈಕಲ್ ನಂದು, ಬಿಚ್ಚೋ ಹಕ್ಕೂ ನಂದೇ

ಹೊಲದ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿ ತೆಗೆದು ನೋಡಿದ್ದೀರಾ? ಮುಚ್ಚಳದ ಒಳಗಡೆ ಒಂದು ವೈರಿಂಗ್ ಚಿತ್ರ ಅಂಟಿಸಿರುತ್ತಾರೆ. ಮೂರು ಫೇಸ್ ಎಲ್ಲಿಂದ ಬರುತ್ತದೆ, ರಿಲೇಗೆ ಹೋಗುವುದು ಯಾವುದು, ಮೋಟರ್‌ಗೆ ಹೋಗುವುದು ಯಾವುದು, ಎಲ್ಲಾ ಅದರಲ್ಲಿ ಇರುತ್ತದೆ. ನಮ್ಮಪ್ಪ ಓದಿದ್ದು ಏಳನೇ ಕ್ಲಾಸ್. ಆ ಚಿತ್ರ ನೋಡಿಕೊಂಡೇ ಸುಟ್ಟ ನೋ-ವೋಲ್ಟ್ ಕಾಯಿಲ್ (ಕರೆಂಟ್ ಹೋದಾಗ ಸ್ಟಾರ್ಟರ್ ಬಿಡಿಸುವ ಸುರುಳಿ) ತೆಗೆದು ಹೊಸದು ಹಾಕುತ್ತಿದ್ದರು. ರಾತ್ರಿ ಕರೆಂಟ್ ಬರುವ ಹೊತ್ತಿಗೆ ಮೋಟರ್ ರೆಡಿ ಇರುತ್ತಿತ್ತು.

ಮೂರು ವರ್ಷದ ಹಿಂದೆ ನಾನು ಎಲೆಕ್ಟ್ರಿಕ್ ಮೌಂಟನ್ ಬೈಕ್ ತಗೊಂಡೆ. ಜತೆಗೆ ಬಂದ ಪುಸ್ತಕದಲ್ಲಿ ಎಲ್ಲಿ ನೋಡಿದರೂ 'ಬಿಚ್ಚಬೇಡಿ' ಅಂತ ಇತ್ತು. ವೈರಿಂಗ್ ಚಿತ್ರ ಒಂದೂ ಇರಲಿಲ್ಲ. ಅವತ್ತಿಂದ ಇವತ್ತಿನವರೆಗೂ ನನಗೆ ಇದು ಸರಿ ಅನಿಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸೈಕಲ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. 27.5 ಇಂಚಿನ ಗಾಲಿ, ಮುಂದೆ ಸಸ್ಪೆನ್ಷನ್, ಹಿಂದಿನ ಗಾಲಿಯ ನಡುವೆ 250 ವ್ಯಾಟ್ ಹಬ್ ಮೋಟರ್. ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್. ತೂಕ 22 ಕೆ.ಜಿ. ಬೆಳಗ್ಗೆ ಸೇಡಂ ರಸ್ತೆ ಹಿಡಿದು ಬುದ್ಧ ವಿಹಾರದವರೆಗೆ ಹೋಗಿ ಬರುತ್ತೇನೆ. ರಜೆ ಸಿಕ್ಕರೆ ಗಾಡಿ ಮೇಲೆ ಹಾಕಿಕೊಂಡು ಚಿಂಚೋಳಿ ಕಡೆ. ಚಂದ್ರಂಪಳ್ಳಿ ಡ್ಯಾಮ್ ಸುತ್ತಿನ ಊರುಗಳ ನಡುವೆ ಕೆಂಪು ಮಣ್ಣಿನ ಬಂಡಿ ದಾರಿಗಳಿವೆ. ಕಲಬುರಗಿಯ ಬಿಸಿಲಲ್ಲಿ ಬೆಳೆದವರಿಗೆ ಆ ಕಾಡಿನ ಅಂಚಿನ ಗಾಳಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ಮಳೆಗಾಲದಲ್ಲಿ ಮೋಟರ್ ಕೈಕೊಟ್ಟಿತು. ಹೊರಟ ತಕ್ಷಣ ಗಡಗಡ ಅಂತ ನಡುಗುವುದು, ಆಮೇಲೆ ನಿಂತೇ ಹೋಗುವುದು. ವಾರಂಟಿ ಅಷ್ಟರಲ್ಲಿ ಮುಗಿದಿತ್ತು. ಕಂಪನಿಗೆ ಫೋನ್ ಮಾಡಿದೆ. "ಹಿಂದಿನ ಗಾಲಿ ಪೂರ್ತಿ ಬಿಚ್ಚಿ ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸಿ, ಮೋಟರ್ ಹೋಗಿರಬಹುದು, ಐದಾರು ವಾರ ಆಗುತ್ತೆ" ಅಂದರು. ನೋಡದೇ, ಒಂದು ಪ್ರಶ್ನೆ ಕೇಳದೇ ಮೋಟರ್ ಹೋಗಿದೆ ಅಂದುಬಿಟ್ಟರು. ಹೊಸ ಮೋಟರ್‌ಗೆ ಅವರು ಹೇಳಿದ ರೇಟು ಸೈಕಲ್ಲಿನ ಬೆಲೆಯ ಮೂರನೇ ಒಂದು ಭಾಗ.

ಗಾಲಿಯನ್ನು ರಟ್ಟಿನ ಡಬ್ಬದಲ್ಲಿ ಕಟ್ಟುವ ಮೊದಲು ಒಂದು ಮಾತು ಕೇಳೋಣ ಅಂತ ನಮ್ಮ ಮೋಟರ್ ವೈಂಡಿಂಗ್ ಕಾಕಾನ ಹತ್ತಿರ ಒಯ್ದೆ. ನಮ್ಮೂರ ಕಡೆಯ ಎಷ್ಟೋ ಹೊಲಗಳ ಮೋಟರ್ ಅವರ ಕೈಯಲ್ಲೇ ಕಟ್ಟಿದ್ದು. ಕಾಕಾ ಕೇಬಲ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ಯಾಕ ಬೆಂಗಳೂರಿಗಿ ಕಳಸ್ತಿ ತಮ್ಮಾ? ಹಳದಿ, ಹಸಿರು, ನೀಲಿ, ಮೂರು ದಪ್ಪನ ವೈರ್ ಅವ. ನಮ್ಮ ಮೋಟರ್‌ದಾಗೂ ಮೂರು ಫೇಸ್, ಇದರಾಗೂ ಮೂರು ಫೇಸ್. ಈ ಸಣ್ಣ ವೈರ್ ಯಾಕ ಅವ, ಅದಷ್ಟು ತಿಳ್ಕೊಂಡ್ ಬಾ."

ಮನೆಗೆ ಬಂದು ಓದಿ ತಿಳಿದುಕೊಂಡೆ. ಸಣ್ಣ ವೈರುಗಳು ಹಾಲ್ (Hall) ಸೆನ್ಸರಿನವು, ಅಂದ್ರೆ ಆಯಸ್ಕಾಂತವನ್ನು ಗುರುತಿಸುವ ಸೆನ್ಸರ್. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಉಳಿದ ಮೂರು ಸಿಗ್ನಲ್. ಮೋಟರಿನ ಒಳಗೆ ಆಯಸ್ಕಾಂತ ಈಗ ಎಲ್ಲಿದೆ ಅಂತ ಕಂಟ್ರೋಲರ್‌ಗೆ, ಅಂದ್ರೆ ಮೋಟರಿಗೆ ಕರೆಂಟ್ ಹಂಚುವ ಡಬ್ಬಿಗೆ, ಹೇಳುವುದು ಆ ಮೂರು ಸಿಗ್ನಲ್. ಒಂದು ತಪ್ಪಿದರೂ ಕಂಟ್ರೋಲರ್ ತಪ್ಪು ಹೊತ್ತಿಗೆ ತಪ್ಪು ಫೇಸಿಗೆ ಕರೆಂಟ್ ಕೊಡುತ್ತದೆ. ಗಡಗಡ ಅನ್ನುವುದು ಅದಕ್ಕೇ.

ಆದರೆ ಮೊದಲ ಸಲ ಸೆನ್ಸರ್ ಕೂಡ ಹೋಗಿರಲಿಲ್ಲ! ಹಿಂದಿನ ಗಾಲಿ ಹತ್ತಿರ ಒಂದು ದುಂಡನೆಯ ಪ್ಲಗ್ ಇರುತ್ತದೆ, ಒಂಬತ್ತು ಪಿನ್ನಿಂದು. ಅದನ್ನು ಬಿಡಿಸಿ ನೋಡಿದರೆ ಎರಡು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಎರೆಮಣ್ಣು ಗೊತ್ತಲ್ವಾ, ಒದ್ದೆ ಆದರೆ ಗಾಲಿ ತಿರುಗದಷ್ಟು ಅಂಟುತ್ತದೆ. ನಾನು ಪ್ರತಿ ಸಲ ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟು ತೊಳೆಯುತ್ತಿದ್ದೆ. ನೀರು ಪ್ಲಗ್ಗಿನೊಳಗೆ ಹೋಗಿ ಕೂತಿತ್ತು. ಮೊಬೈಲ್ ರಿಪೇರಿ ಮಾಡುವವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವ, ಒಂದು ಹಳೇ ಹಲ್ಲುಜ್ಜುವ ಬ್ರಷ್, ಅರ್ಧ ಗಂಟೆ. ಮೋಟರ್ ಮೊದಲಿನ ಹಾಗೇ ತಿರುಗಿತು.

ಯಾರಾದರೂ ಈ ಪ್ಲಗ್ ಬಿಡಿಸುವವರಿದ್ದರೆ ಒಂದು ಮಾತು. ಎರಡೂ ಕಡೆ ಬಾಣದ ಗುರುತು ಇರುತ್ತದೆ. ಎರಡು ಬಾಣ ಎದುರು ಬದುರು ಬರುವ ಹಾಗೆ ಇಟ್ಟು ನೇರವಾಗಿ ಒತ್ತಿ. ತಿರುಗಿಸಲೇಬೇಡಿ. ಪಿನ್ ಬಾಗಿದರೆ ಅದನ್ನು ನೆಟ್ಟಗೆ ಮಾಡುವುದು ಬಹಳ ಕಷ್ಟ. ಈಗ ನಾನು ಸೈಕಲ್ಲಿಗೆ ಪೈಪಿನ ನೀರು ಬಿಡುವುದಿಲ್ಲ. ಮಣ್ಣು ಒಣಗಲು ಬಿಟ್ಟು, ಬ್ರಷ್ಷಿಂದ ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ.

ಮುಂದಿನ ವರ್ಷ ಮತ್ತೆ ಅದೇ ನಡುಕ. ಈ ಸಲ ಪ್ಲಗ್ ಸ್ವಚ್ಛ ಇತ್ತು. ವೋಲ್ಟ್ ಅಳೆಯುವ ಮೀಟರ್ ಹಿಡಿದು ಕೂತೆ. ಬ್ಯಾಟರಿ ಆನ್ ಮಾಡಿ, ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಒಂದೊಂದೇ ಸಿಗ್ನಲ್ ವೈರಿಗೆ. ಗಾಲಿಯನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಬೇಕು. ಹಿಂದಕ್ಕೇ ಯಾಕೆ ಅಂದ್ರೆ, ಈ ತರದ ಗೇರ್ ಇರುವ ಹಬ್ ಮೋಟರಿನೊಳಗೆ ಒಂದು ಕ್ಲಚ್ ಇದೆ. ಮುಂದಕ್ಕೆ ತಿರುಗಿಸಿದರೆ ಗಾಲಿ ಮಾತ್ರ ತಿರುಗುತ್ತದೆ, ಒಳಗಿನ ಮೋಟರ್ ಸುಮ್ನೆ ನಿಂತಿರುತ್ತದೆ. ಇದು ಗೊತ್ತಿಲ್ಲದೇ ನಾನು ಒಂದು ಸಂಜೆ ಪೂರ್ತಿ ಕಳೆದೆ. ಸರಿ ಇರುವ ಸೆನ್ಸರ್ 0 ಮತ್ತು 5 ವೋಲ್ಟ್ ನಡುವೆ ಹೋಗಿ ಬರುತ್ತದೆ. ನನ್ನದರಲ್ಲಿ ಎರಡು ಹಾಗೆ ಮಾಡಿದವು. ಹಳದಿ ಸಿಗ್ನಲ್ ವೈರ್ ಮಾತ್ರ 5ರಲ್ಲೇ ಅಂಟಿಕೊಂಡಿತ್ತು.

ಸೆನ್ಸರ್ ಅಂದ್ರೆ ಬೆರಳ ಉಗುರಿಗಿಂತ ಚಿಕ್ಕದು, ಮೂರು ಕಾಲಿಂದು. ಮೂರನ್ನೂ ಬದಲಿಸಿದೆವು. ಒಂದು ಹೋದ ಮೇಲೆ ಉಳಿದವು ಎಷ್ಟು ದಿನ? ಸೋಲ್ಡರ್ ಮಾಡಿದ್ದು ಕಾಕಾ, ಲೈಟ್ ಹಿಡಿದಿದ್ದು ನಾನು. ಮೂರಕ್ಕೂ ಸೇರಿ ನೂರು ರೂಪಾಯಿ ದಾಟಲಿಲ್ಲ. ಕಾಕಾ ದುಡ್ಡು ತಗೊಳ್ಳಲು ಒಪ್ಪಲೇ ಇಲ್ಲ. "ಇದು ನಂಗೂ ಹೊಸಾದು ಆಯ್ತು, ನಾಳಿ ಯಾರರೆ ತಂದ್ರ ಮಾಡ್ಬಹುದು" ಅಂದರು. ಆ ಮಾತು ಕೇಳಿ ನನಗೆ ಬಹಳ ಖುಷಿ ಆಯಿತು. ಮೋಟರ್ ಬಿಚ್ಚಿದಾಗ ಒಳಗಿನ ಮೂರು ನೈಲಾನ್ ಗೇರಿನ ಹಲ್ಲನ್ನೂ ನೋಡಿ ಹೊಸ ಗ್ರೀಸ್ ಹಚ್ಚಿದೆವು.

ಈಗ ಅಪ್‌ಗ್ರೇಡ್ ವಿಷಯ. ಇಲ್ಲಿ ನನ್ನ ಮಾತು ಕೆಲವರಿಗೆ ಬೇಜಾರಾಗಬಹುದು.

ಹುಡುಗರು ಬಂದು ಕೇಳುವ ಮೊದಲ ಪ್ರಶ್ನೆ, "ಅಣ್ಣಾ, ಸ್ಪೀಡ್ ಎಷ್ಟು ಏರಿಸಬಹುದು?" 48 ವೋಲ್ಟ್ ಬ್ಯಾಟರಿ, ದೊಡ್ಡ ಕಂಟ್ರೋಲರ್ ಹಾಕಿದರೆ ಗಂಟೆಗೆ 45 ಕಿ.ಮೀ. ಹೋಗುತ್ತದೆ, ನಿಜ. ಆದರೆ ನಮ್ಮ ಕಾನೂನಿನಲ್ಲಿ ಮೋಟರ್ 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಮಾತ್ರ ಇದು ಸೈಕಲ್. ಅದನ್ನು ದಾಟಿದರೆ ನೋಂದಣಿ, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲಾ ಬೇಕು. ಕಾನೂನು ಪಕ್ಕಕ್ಕಿಡಿ, ಲೆಕ್ಕ ನೋಡಿ. 25ರಿಂದ 45ಕ್ಕೆ ಹೋದರೆ ವೇಗ ಎರಡು ಪಟ್ಟು ಕೂಡ ಆಗುವುದಿಲ್ಲ. ಆದರೆ ಬ್ರೇಕ್ ತಡೆಯಬೇಕಾದ ಶಕ್ತಿ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅದೇ ಬ್ರೇಕ್, ಅದೇ ಫ್ರೇಮ್, ಅದೇ ಸ್ಪೋಕ್ ಕಡ್ಡಿ. ರಿಂಗ್ ರೋಡಿನಲ್ಲಿ ಪಕ್ಕದಲ್ಲಿ ಲಾರಿ. ನಾನು ಯಾರಿಗೂ ಇದನ್ನು ಮಾಡಿಕೊಡುವುದಿಲ್ಲ, ದಾರಿಯೂ ತೋರಿಸುವುದಿಲ್ಲ. ಮೊದಲು ನಿಲ್ಲುವುದು ಚೆನ್ನಾಗಿ ಆಗಬೇಕು.

ಹಾಗಾಗಿ ನನ್ನ ಮೊದಲ ಅಪ್‌ಗ್ರೇಡ್ ಬ್ರೇಕ್. ಮುಂದಿನ ಡಿಸ್ಕ್ 160 ಮಿ.ಮೀ. ಇತ್ತು, ಅಡಾಪ್ಟರ್ ಹಾಕಿ 180 ಮಾಡಿದೆ. ಆಮೇಲೆ ದುಡ್ಡು ಕೂಡಿಸಿ ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್. ಇಲ್ಲೊಂದು ಸೂಕ್ಷ್ಮ ಇದೆ. ಇ-ಸೈಕಲ್ಲಿನ ಬ್ರೇಕ್ ಹಿಡಿಯಲ್ಲಿ ಒಂದು ಸ್ವಿಚ್ ಇರುತ್ತದೆ. ಬ್ರೇಕ್ ಒತ್ತಿದ ತಕ್ಷಣ ಮೋಟರ್ ಬಂದ್ ಆಗುವುದು ಅದರಿಂದ. ಸಾಮಾನ್ಯ ಹೈಡ್ರಾಲಿಕ್ ಹಿಡಿ ಹಾಕಿದರೆ ಆ ಸ್ವಿಚ್ ಹೋಗಿಬಿಡುತ್ತದೆ. ಸೆನ್ಸರ್ ಇರುವ ಹಿಡಿಯನ್ನೇ ಕೇಳಿ ತರಿಸಿ, ಇಲ್ಲಾ ಹೊರಗಿಂದ ಅಂಟಿಸುವ ಆಯಸ್ಕಾಂತದ ಸೆನ್ಸರ್ ಹಾಕಿ.

ಬ್ರೇಕಿಗೆ ಎಣ್ಣೆ ತುಂಬಿಸಲು ಒಂದು ಅಂಗಡಿಗೆ ಹೋಗಿದ್ದೆ. ಅವರು ಮೋಟರ್ ಸೈಕಲ್ಲಿಗೆ ಹಾಕುವ ಡಾಟ್ ಎಣ್ಣೆ ಸಿರಿಂಜಿಗೆ ಎಳೆದುಕೊಂಡು ತಯಾರಾಗಿದ್ದರು. ನನ್ನ ಬ್ರೇಕ್ ಮಿನರಲ್ ಆಯಿಲ್‌ದು. ಎರಡೂ ಬೇರೆ ಬೇರೆ. ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ಹಾಕಿದರೆ ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ. ಅವರ ಕೈ ಹಿಡಿದು ನಿಲ್ಲಿಸಿದೆ. ಪಾಪ, ಅವರದ್ದೇನೂ ಕೆಟ್ಟ ಉದ್ದೇಶ ಇರಲಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸರಿಯಾದ ಎಣ್ಣೆ ಹೈದರಾಬಾದಿನಿಂದ ಬಂದ ಮೇಲೆ ಅದೇ ಅಂಗಡಿಯಲ್ಲಿ ಕೂತು ಇಬ್ಬರೂ ಸೇರಿ ತುಂಬಿಸಿದೆವು.

ಎರಡನೆಯದು ಟೈರ್. ನಮ್ಮ ಕಡೆ ಜಾಲಿ ಮುಳ್ಳು ಒಂದು, ನೆಗ್ಗಿಲು ಮುಳ್ಳು ಇನ್ನೊಂದು. ನೆಗ್ಗಿಲು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಒಂದು ಸಲ ಹಳ್ಳಿ ಕಡೆ ಹೋಗಿ ಬಂದಾಗ ಒಂದೇ ಟೈರಲ್ಲಿ ಹನ್ನೊಂದು ಮುಳ್ಳು ಎಣಿಸಿದ್ದೇನೆ. ಮೋಟರ್ ಇರುವ ಹಿಂದಿನ ಗಾಲಿ ಪಂಕ್ಚರ್ ಆದರೆ ಎಷ್ಟೋ ಅಂಗಡಿಯವರು ಮುಟ್ಟುವುದೇ ಇಲ್ಲ. ಗಾಲಿ ಬಿಚ್ಚಬೇಕಾಗಿಯೂ ಇಲ್ಲ ನೋಡಿ. ಸೈಕಲ್ ಮಲಗಿಸಿ, ಟೈರಿನ ಒಂದು ಅಂಚು ಎಬ್ಬಿಸಿ, ತೂತಾದ ಕಡೆ ಮಾತ್ರ ಟ್ಯೂಬ್ ಹೊರಗೆಳೆದು ತೇಪೆ ಹಾಕಬಹುದು. ಮುಳ್ಳನ್ನು ಟೈರಿಂದ ಕಿತ್ತಿದ್ದೀರಾ ಅಂತ ಮಾತ್ರ ನೋಡಿಕೊಳ್ಳಿ. ಈಗ ನಾನು ಒಳಗೆ ಸೀಲೆಂಟ್, ಅಂದ್ರೆ ತೂತು ತಾನೇ ಮುಚ್ಚುವ ದ್ರವ, ಹಾಕುತ್ತೇನೆ. ನಮ್ಮ ಬೇಸಿಗೆಗೆ ಅದು ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು.

ಗಾಲಿ ಬಿಚ್ಚಲೇಬೇಕಾಗಿ ಬಂದರೆ 18 ನಂಬರ್ ಪಾನಾ ಬೇಕು, ನನ್ನದಕ್ಕಂತೂ ಅದೇ. ವಾಪಸ್ ಹಾಕುವಾಗ ಕೊಕ್ಕೆ ಇರುವ ವಾಷರ್ ಮತ್ತು ಟಾರ್ಕ್ ಆರ್ಮ್ ಮರೆಯಬೇಡಿ. ಮೋಟರ್ ಗಾಲಿಯನ್ನು ಮುಂದಕ್ಕೆ ತಳ್ಳುವಾಗ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ಹಿಡಿದಿಡುವುದು ಇವೇ. ಅಚ್ಚು ತಿರುಗಿದರೆ ಕೇಬಲ್ ಕತ್ತರಿಸಿ ಹೋಗುತ್ತದೆ.

ಚೈನಿಗೆ ಎಂಜಿನ್ ಆಯಿಲ್ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ. ನಮ್ಮ ಧೂಳು ಅದಕ್ಕೆ ಅಂಟಿ ಸಾಣೆ ಹಿಡಿದ ಹಾಗೆ ಚೈನ್ ಸವೆಸುತ್ತದೆ. ಹೊಸ ಚೈನಿನ 24 ಕೊಂಡಿ ಅಂದ್ರೆ ಸರಿಯಾಗಿ 12 ಇಂಚು. ಸ್ಕೇಲ್ ಇಟ್ಟು ನೋಡಿ. ಒಂದೂವರೆ ಮಿ.ಮೀ. ಹೆಚ್ಚಾಗಿದ್ದರೆ ಚೈನ್ ಬದಲಿಸಿ. ಮೂರು ಮಿ.ಮೀ. ಆಗುವ ತನಕ ಬಿಟ್ಟರೆ ಹಿಂದಿನ ಗೇರಿನ ಹಲ್ಲೂ ಹೋಗಿರುತ್ತದೆ.

ನಾನು ಮುಟ್ಟದೇ ಇರುವುದು ಒಂದೇ, ಬ್ಯಾಟರಿಯ ಒಳಗು. ಹಕ್ಕು ಅಂತ ಇಷ್ಟೆಲ್ಲಾ ಮಾತಾಡುವವನು ಇಲ್ಲಿ ಯಾಕೆ ನಿಂತೆ ಅಂತ ಕೇಳಬಹುದು. 36 ವೋಲ್ಟ್ ಕೈಗೆ ಶಾಕ್ ಹೊಡೆಯುವುದು ಅಪರೂಪ, ಹಾಗಾಗಿ ಜನ ಹೆದರುವುದಿಲ್ಲ. ಭಯ ಬೆಂಕಿಯದ್ದು. ಒಳಗೆ ಸಾಲಾಗಿ ಹತ್ತು ಗುಂಪು ಸೆಲ್ ಇರುತ್ತವೆ. ಒಂದು ಪಾನಾ ಜಾರಿ ಎರಡು ತುದಿಗೆ ತಾಗಿದರೆ ಸಾಕು. ಲಿಥಿಯಂ ಬೆಂಕಿ ಹತ್ತಿದರೆ ಮನೆಯಲ್ಲಿ ಆರಿಸುವುದು ಬಹಳ ಕಷ್ಟ. ಅದರ ಜತೆ ಪೇಟೆಯಲ್ಲಿ ಸುಳ್ಳು ಸೆಲ್‌ಗಳೂ ಇವೆ. 18650 ಅನ್ನುವ ದುಂಡು ಸೆಲ್ ಮೇಲೆ 9,800 ಎಂಎಎಚ್ (ಮಿಲಿ ಆಂಪಿಯರ್-ಅವರ್) ಅಂತ ಬರೆದಿದ್ದರೆ ಅದು ಸುಳ್ಳೇ. ಆ ಗಾತ್ರದ ಒಳ್ಳೆಯ ಸೆಲ್ 3,500ರ ಆಸುಪಾಸು ಇರುತ್ತದೆ. ಹೊರಗಿಂದ ಮಾಡಬಹುದಾದ ಆರೈಕೆ ಬೇಕಾದಷ್ಟಿದೆ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ 42, 43 ಡಿಗ್ರಿ. ತಗಡಿನ ಶೆಡ್ಡಿನಲ್ಲಿ ಬ್ಯಾಟರಿ ಬಿಡಬೇಡಿ. ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ತಣ್ಣಗಾಗಲಿ. ಫುಲ್ ಚಾರ್ಜ್ ಅಂದ್ರೆ 42 ವೋಲ್ಟ್. ದಿನಗಟ್ಟಲೆ ಓಡಿಸದೇ ಇಡುವುದಾದರೆ 37-38 ವೋಲ್ಟಲ್ಲಿ ಇಡಿ. ನಾನು ಮಲಗುವ ಮನೆಯಿಂದ ದೂರ, ಶಹಾಬಾದ್ ಕಲ್ಲಿನ ನೆಲದ ಮೇಲೆ ಇಟ್ಟು ಚಾರ್ಜ್ ಮಾಡುತ್ತೇನೆ. ಕಣ್ಣ ಮುಂದೆಯೇ ಇರಬೇಕು.

ಹಾಗಾದರೆ ನನ್ನ ಬೇಡಿಕೆ ಏನು? ದೊಡ್ಡದೇನಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್, ಅಂದ್ರೆ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗುವ ವೆಬ್‌ಸೈಟ್, ಶುರು ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆ ವಸ್ತು, ವಾಹನ ಅಂತ ನಾಲ್ಕು ವಿಭಾಗ. ಒಳ್ಳೆಯ ಹೆಜ್ಜೆ. ಇ-ಸೈಕಲ್ ಮಾರುವ ಪ್ರತಿ ಕಂಪನಿಯೂ ವೈರಿಂಗ್ ಚಿತ್ರ ಕೊಡಲಿ. ಸೆನ್ಸರ್, ಪ್ಲಗ್, ಗೇರ್, ಬ್ರೇಕ್ ಪ್ಯಾಡ್ ಬಿಡಿಯಾಗಿ ಸಿಗಲಿ, ರೇಟು ಬರೆದಿರಲಿ. ಬೆಂಗಳೂರು, ಪುಣೆಯವರಿಗೆ ಸರ್ವಿಸ್ ಸೆಂಟರ್ ಒಂದು ಆಟೋ ದೂರ. ನಮಗೆ, ಬೀದರಿನವರಿಗೆ, ಯಾದಗಿರಿಯವರಿಗೆ ಅದು ಒಂದು ರಾತ್ರಿಯ ಪ್ರಯಾಣ. ಇಲ್ಲಿ ರಿಪೇರಿ ಗೊತ್ತಿಲ್ಲದ ಸೈಕಲ್ ಅಂದ್ರೆ ಮೊದಲ ಮಳೆಗಾಲ ಕಳೆದ ಮೇಲೆ ಮೂಲೆಗೆ ನಿಲ್ಲುವ ಸೈಕಲ್. ನಮ್ಮ ಕಾಲೋನಿಯಲ್ಲೇ ಅಂಥವು ಎರಡಿದ್ದವು. ಒಂದಕ್ಕೆ ಬೇಕಾಗಿದ್ದದ್ದು ಪೆಡಲ್ ತುಳಿಯುವುದನ್ನು ಗುರುತಿಸುವ ಸೆನ್ಸರಿನ ಧೂಳು ಒರೆಸುವುದು, ಅಷ್ಟೇ.

ನಾನು ನನ್ನ ಸೈಕಲ್ಲಿನ ವೈರಿಂಗ್ ಚಿತ್ರವನ್ನು ಕೈಯಲ್ಲೇ ಬರೆದಿದ್ದೇನೆ. ವೈರಿನ ಬಣ್ಣ, ಪಿನ್ ನಂಬರ್, ಎಲ್ಲಿ ಎಷ್ಟು ವೋಲ್ಟ್ ಬರಬೇಕು, ನೋಡುವಾಗ ಗಾಲಿ ಯಾವ ಕಡೆ ತಿರುಗಿಸಬೇಕು, ಎಲ್ಲಾ ಇದೆ. ಒಂದು ಜೆರಾಕ್ಸ್ ಕಾಕಾನ ಅಂಗಡಿಯಲ್ಲಿ ಅಂಟಿಸಿದ್ದೇನೆ, ಪಂಪ್‌ಸೆಟ್ ವೈಂಡಿಂಗ್ ಲೆಕ್ಕದ ಚೀಟಿ ಪಕ್ಕದಲ್ಲಿ. ನಿಮ್ಮದು ಬೇರೆ ಮಾಡೆಲ್ ಆಗಿದ್ದರೆ ಅದರ ಚಿತ್ರ ನೀವು ಬರೆದು ಹಾಕಿ. ಹೋದ ಭಾನುವಾರ ಪಕ್ಕದ ಮನೆ ಹುಡುಗ ತನ್ನ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದ. ಮೀಟರ್ ಅವನ ಕೈಗೇ ಕೊಟ್ಟೆ. ಗಾಲಿಯನ್ನು ಹಿಂದಕ್ಕೆ ತಿರುಗಿಸಬೇಕು ಅಂತ ನಾನು ಹೇಳುವ ಮೊದಲೇ ಅವನು ಹಿಂದಕ್ಕೆ ತಿರುಗಿಸಿದ. ಕಾಕಾನ ಅಂಗಡಿಯಲ್ಲಿ ಆ ಜೆರಾಕ್ಸ್ ಓದಿಕೊಂಡು ಬಂದಿದ್ದನಂತೆ.